ಹೊಸ ಪದವೀಧರರಿಗೆ ವಾರ್ಡಿನಲ್ಲಿ ಕಲಿಸಬೇಕಾದದ್ದು: ಹೊತ್ತಿಗೆ ಸರಿಯಾಗಿ ನೆರವು ಕೇಳುವುದು

ನರ್ಸಿಂಗ್, ಫಿಸಿಯೋಥೆರಪಿ, ಫಾರ್ಮಸಿ ಮುಂತಾದ ಪದವಿಗಳನ್ನು ಮುಗಿಸಿ ಆಸ್ಪತ್ರೆಗೆ ಕೆಲಸಕ್ಕೆ ಸೇರುವವರನ್ನು ಮೊದಲ ಕೆಲವು ತಿಂಗಳು ಜೊತೆಗಿದ್ದು ತಯಾರು ಮಾಡುವುದು ನನ್ನ ಕೆಲಸ. ವಿಶ್ವವಿದ್ಯಾಲಯದಿಂದ ನೇರವಾಗಿ ಬರುವವರಲ್ಲಿ ಯಾವ ಕೊರತೆ ಕಾಣುತ್ತದೆ ಎಂದು ನನ್ನನ್ನು ಹಲವರು ಕೇಳುತ್ತಾರೆ. ಕೈಕೆಲಸ ಬರುವುದಿಲ್ಲ ಎಂಬ ಉತ್ತರವನ್ನು ಅವರು ಮೊದಲೇ ಊಹಿಸಿಕೊಂಡಿರುತ್ತಾರೆ. ಆದರೆ ರಕ್ತನಾಳಕ್ಕೆ ಕ್ಯಾನುಲಾ ಎಂಬ ಸಣ್ಣ ಕೊಳವೆ ಹಾಕುವುದು, ಗಾಯದ ಡ್ರೆಸ್ಸಿಂಗ್ ಮಾಡುವುದು, ರೋಗಿಯನ್ನು ಹಾಸಿಗೆಯಿಂದ ಕುರ್ಚಿಗೆ ಸುರಕ್ಷಿತವಾಗಿ ಕೂರಿಸುವುದು ಇವೆಲ್ಲ ದಿನವೂ ಮಾಡುತ್ತಾ ಮಾಡುತ್ತಾ ಕೈಗೆ ಹತ್ತುತ್ತವೆ. ತಾನಾಗಿಯೇ ಹತ್ತದೆ ಉಳಿಯುವ ಕೆಲಸ ಬೇರೆ ಇದೆ. ರೋಗಿಯ ಸ್ಥಿತಿ ಹದಗೆಡುತ್ತಿದೆ ಎಂಬ ಅನುಮಾನ ಬಂದ ಕೂಡಲೇ, ಅದು ಇನ್ನೂ ಖಚಿತವಾಗದೆ ಇರುವಾಗಲೇ, ಕ್ರಮ ಕೈಗೊಳ್ಳಬಲ್ಲವರಿಗೆ ಅದನ್ನು ಸ್ಪಷ್ಟವಾದ ಮಾತುಗಳಲ್ಲಿ ತಿಳಿಸುವುದೇ ಆ ಕೆಲಸ. ಇದನ್ನು ಅವರವರ ಸ್ವಭಾವ, ಅವರವರ ಧೈರ್ಯ ಎಂದು ಬಿಟ್ಟುಬಿಡುವವರು ಬಹಳ. ಇದು ಕಲಿಸಬಹುದಾದ ಕೌಶಲ, ಅಭ್ಯಾಸ ಮಾಡಿಸಬಹುದಾದ ಕೌಶಲ, ಪರೀಕ್ಷೆಯಲ್ಲಿ ಅಳೆಯಬಹುದಾದ ಕೌಶಲ ಕೂಡ ಎಂದು ನಾನು ಈ ಕೆಲಸದಲ್ಲಿ ಕಂಡುಕೊಂಡಿದ್ದೇನೆ.

ಕಾಲೇಜಿನಿಂದ ವಾರ್ಡಿಗೆ ಬಂದವರು ತತ್ತರಿಸುವುದು ಹೊಸ ಸಂಗತಿಯೇನಲ್ಲ. ಅಮೆರಿಕದ ನರ್ಸಿಂಗ್ ಸಂಶೋಧಕಿ ಮಾರ್ಲೀನ್ ಕ್ರೇಮರ್ 1974ರಲ್ಲಿಯೇ ಅದನ್ನು 'ರಿಯಾಲಿಟಿ ಶಾಕ್' ಎಂದು ಕರೆದು, ತರಗತಿಯಲ್ಲಿ ಮೈಗೂಡಿಸಿಕೊಂಡ ಮೌಲ್ಯಗಳಿಗೂ ಕೆಲಸದ ಜಾಗದ ನಡಾವಳಿಗೂ ಹೊಂದಿಕೆಯಾಗದೆ ಹೊಸಬರು ಪಡುವ ಪಾಡನ್ನು ವಿವರಿಸಿದ್ದರು. ಅದಾದ ಹತ್ತು ವರ್ಷಕ್ಕೆ, 1984ರಲ್ಲಿ, ಅಮೆರಿಕದವರೇ ಆದ ನರ್ಸಿಂಗ್ ಸಂಶೋಧಕಿ ಪೆಟ್ರೀಷಿಯಾ ಬೆನ್ನರ್ ಅವರು ನರ್ಸ್ ಒಬ್ಬರು ಹೊಸಬರ ಮಟ್ಟದಿಂದ ಪರಿಣತರಾಗುವವರೆಗೆ ದಾಟುವ ಐದು ಹಂತಗಳನ್ನು ಗುರುತಿಸಿದರು. ಆ ವಿವರಣೆಯಲ್ಲಿ ನನಗೆ ಅತ್ಯಂತ ಉಪಯುಕ್ತವಾಗಿ ಕಂಡದ್ದು ಇಷ್ಟು: ಆರಂಭದ ಹಂತದಲ್ಲಿ ಇರುವವರು ನಿಯಮಗಳನ್ನು ಹಿಡಿದು ನಡೆಯುತ್ತಾರೆ, ಅವರಿಗೆ ಮುಂದಿರುವ ಹತ್ತು ಕೆಲಸಗಳೂ ಒಂದೇ ತೂಕದವಾಗಿ ಕಾಣುತ್ತವೆ, ಪರಿಣತರ ಕಣ್ಣಿಗೆ ಅದೇ ಹತ್ತರಲ್ಲಿ ಈಗಲೇ ನೋಡಬೇಕಾದದ್ದು ಎದ್ದು ಕಾಣುತ್ತದೆ. ಈ ಅಂತರವನ್ನು ಅನುಭವವೇ ತುಂಬಬೇಕು, ಅದಕ್ಕೆ ವರ್ಷಗಳು ಹಿಡಿಯುತ್ತವೆ. ಆದರೆ ಆ ವರ್ಷಗಳಲ್ಲಿ ಹೊಸಬರ ಕೈಕೆಳಗೆ ಬರುವ ರೋಗಿಗಳು ಅವರ ಅನುಭವ ಮಾಗಲೆಂದು ಕಾಯಲಾರರು. ಆದ್ದರಿಂದ ತಮ್ಮಲ್ಲಿ ಇನ್ನೂ ಬೆಳೆಯದ ಕಣ್ಣನ್ನು ಬೇರೆಯವರಿಂದ ಎರವಲು ಪಡೆಯುವ ದಾರಿ ಅವರಿಗೆ ಮೊದಲ ವಾರದಿಂದಲೇ ಗೊತ್ತಿರಬೇಕು.

ಒಂದು ಉದಾಹರಣೆಯನ್ನು ವಿವರವಾಗಿ ಹೇಳುತ್ತೇನೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಎರಡು ದಿನ ಕಳೆದಿದ್ದ ರೋಗಿಯೊಬ್ಬರನ್ನು ರಾತ್ರಿ ಪಾಳಿಯಲ್ಲಿ ಹೊಸ ಪದವೀಧರೆಯೊಬ್ಬರು ನೋಡಿಕೊಳ್ಳುತ್ತಿದ್ದರು. ರಾತ್ರಿಯ ಆರಂಭದಲ್ಲಿ ನಿಮಿಷಕ್ಕೆ 18 ಇದ್ದ ಉಸಿರಾಟ ನಡುರಾತ್ರಿಗೆ 22 ಆಯಿತು, ಆಮೇಲೆ 24ಕ್ಕೆ ಏರಿತು. ನಾಡಿ 112, ಜ್ವರ 38.4 ಡಿಗ್ರಿ ಸೆಲ್ಸಿಯಸ್. ರಕ್ತದೊತ್ತಡ ಚೆನ್ನಾಗಿತ್ತು, ಆಮ್ಲಜನಕದ ಪ್ರಮಾಣವೂ ಚೆನ್ನಾಗಿತ್ತು, ರೋಗಿ ಎಚ್ಚರವಾಗಿದ್ದು ಮಾತನಾಡುತ್ತಿದ್ದರು. ಆ ಪದವೀಧರೆ ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸಿದ್ದರು. ವಾರ್ಡುಗಳಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವ ಅಳತೆಯೇ ಅದು ಎಂಬುದು ಈ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತು, ಆದ್ದರಿಂದ ಅವರ ಶ್ರದ್ಧೆಯನ್ನು ನಾನು ಮೆಚ್ಚುತ್ತೇನೆ. ಪ್ರತಿ ಅಂಕಿಯನ್ನೂ ಸರಿಯಾದ ಹೊತ್ತಿಗೆ ಚಾರ್ಟಿನಲ್ಲಿ ಬರೆದಿದ್ದರು. ಯಾರಿಗೂ ತಿಳಿಸಿರಲಿಲ್ಲ. ಸುತ್ತು ಹಾಕಲು ಬಂದ ಹಿರಿಯ ನರ್ಸ್ ಚಾರ್ಟ್ ನೋಡಿ ಕೂಡಲೇ ವೈದ್ಯರನ್ನು ಕರೆಸಿದ್ದರಿಂದ ಹೊಟ್ಟೆಯೊಳಗಿನ ಸೋಂಕಿಗೆ ಹೊತ್ತು ಮೀರುವ ಮುನ್ನ ಚಿಕಿತ್ಸೆ ಸಿಕ್ಕಿತು.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ಜಾರಿಗೆ ತಂದು 2017ರಲ್ಲಿ ಪರಿಷ್ಕರಿಸಿದ, ಪ್ರತಿ ಅಳತೆ ಸಹಜ ಮಟ್ಟದಿಂದ ಎಷ್ಟು ದೂರ ಸರಿದಿದೆ ಎಂಬುದಕ್ಕೆ ಅಂಕ ಕೊಡುವ ಮುನ್ನೆಚ್ಚರಿಕೆ ಅಂಕ ಪದ್ಧತಿಯ ಪ್ರಕಾರ ಲೆಕ್ಕ ಹಾಕಿದರೆ, 24ರ ಉಸಿರಾಟಕ್ಕೆ 2, 112ರ ನಾಡಿಗೆ 2, 38.4ರ ಜ್ವರಕ್ಕೆ 1, ಒಟ್ಟು 5 ಅಂಕಗಳಾಗುತ್ತವೆ. ಒಟ್ಟು 5 ಮುಟ್ಟಿದರೆ ರೋಗಿಯನ್ನು ತುರ್ತಾಗಿ ಪರಿಶೀಲಿಸಬೇಕು, 7 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ ನಿಗಾ ಬಲ್ಲ ತಂಡವೇ ಬರಬೇಕು ಎಂಬುದು ಆ ಪದ್ಧತಿಯ ನಿಯಮ. ಅಂಕಗಳನ್ನು ಕೂಡಿಸುವುದು ನಮ್ಮ ಪದವೀಧರೆಗೆ ಬರುತ್ತಿರಲಿಲ್ಲವೇ? ಚೆನ್ನಾಗಿ ಬರುತ್ತಿತ್ತು. ಮರುದಿನ ಕುಳಿತು ಮಾತನಾಡಿದಾಗ ಅವರು ಕೊಟ್ಟ ಕಾರಣಗಳು ಬೇರೆಯೇ ಇದ್ದವು. ನಾನೇ ತಪ್ಪಾಗಿ ಎಣಿಸಿರಬಹುದು ಎನ್ನಿಸಿತು, ಇನ್ನೊಂದು ಗಂಟೆ ನೋಡೋಣ ಎಂದುಕೊಂಡೆ, ಮಲಗಿರುವ ವೈದ್ಯರನ್ನು ಎಬ್ಬಿಸಿದ ಮೇಲೆ ಏನೂ ಇಲ್ಲ ಎಂದಾದರೆ ಎಲ್ಲರ ಮುಂದೆ ಮುಖ ತೋರಿಸುವುದು ಹೇಗೆ ಎಂದು ಹಿಂಜರಿದೆ ಎಂದರು. ಇದೇ ಕಾರಣಗಳನ್ನು ನಾನು ಬೇರೆ ಬೇರೆ ಪದವಿಗಳಿಂದ ಬಂದವರ ಬಾಯಲ್ಲಿ, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ, ಮತ್ತೆ ಮತ್ತೆ ಕೇಳಿದ್ದೇನೆ. ಇವು ಯಾವುವೂ ಜ್ಞಾನದ ಕೊರತೆಗಳಲ್ಲ. ಹಾಗಾಗಿ ಇನ್ನೊಂದು ಉಪನ್ಯಾಸ ಏರ್ಪಡಿಸುವುದರಿಂದ ಇವು ಹೋಗುವುದೂ ಇಲ್ಲ.

ನಾವು ಈಗ ಮಾಡಿಸುವುದು ಫೋನಿನ ಅಭ್ಯಾಸ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದು ಅಲ್ಲಿಂದ ಆಸ್ಪತ್ರೆಗಳಿಗೆ ಬಂದ ಎಸ್‌ಬಿಎಆರ್ ಎಂಬ ನಾಲ್ಕು ಭಾಗಗಳ ಕ್ರಮವನ್ನು ಬಹುತೇಕ ಕೋರ್ಸುಗಳಲ್ಲಿ ಕಲಿಸಿರುತ್ತಾರೆ: ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನಿಮ್ಮಿಂದ ಬೇಕಾದದ್ದು. ಪರೀಕ್ಷೆಯಲ್ಲಿ ಆ ನಾಲ್ಕು ಭಾಗಗಳನ್ನು ಬರೆಯದವರಿಲ್ಲ. ಆದರೆ ನಿಜವಾದ ಫೋನನ್ನು ಕೈಗೆ ಕೊಟ್ಟು, ಪಕ್ಕದ ಕೋಣೆಯಲ್ಲಿ ಅವಸರದಲ್ಲಿರುವ ಹಿರಿಯ ವೈದ್ಯರೊಬ್ಬರನ್ನು ಕೂರಿಸಿ ಮಾತನಾಡಿಸಿದರೆ, ಮೊದಲ ಸಲ ಹೆಚ್ಚಿನವರು ರೋಗಿ ದಾಖಲಾದ ದಿನದಿಂದ ಕಥೆ ಆರಂಭಿಸುತ್ತಾರೆ. ಕಳವಳದ ವಿಷಯಕ್ಕೆ ಬರುವಷ್ಟರಲ್ಲಿ ಆ ಕಡೆಯವರು ಆಮೇಲೆ ಮಾತಾಡುತ್ತೇನೆ ಎಂದು ಫೋನ್ ಇಟ್ಟಿರುತ್ತಾರೆ. ಇನ್ನು ಕೆಲವರು ಅಂಕಿಗಳನ್ನೆಲ್ಲ ಓದಿ ಹೇಳಿ, ಬೇಕಾದದ್ದನ್ನು ಕೇಳದೆ ಸುಮ್ಮನಾಗುತ್ತಾರೆ, ಕೇಳುವವರೇ ಅರ್ಥ ಮಾಡಿಕೊಳ್ಳಲಿ ಎಂಬಂತೆ. ನಾಲ್ಕನೆಯ ಭಾಗವನ್ನು ಬಾಯಿಬಿಟ್ಟು ಹೇಳಿಸುವುದಕ್ಕೇ ನಮ್ಮ ಅಭ್ಯಾಸದ ಹೆಚ್ಚಿನ ಸಮಯ ಹೋಗುತ್ತದೆ. ಕೊನೆಗೆ ಅದು ಹೀಗೆ ಕೇಳಿಸಬೇಕು: "ಡಾಕ್ಟರ್, ಶಸ್ತ್ರಚಿಕಿತ್ಸಾ ವಾರ್ಡಿನಿಂದ ಸ್ಟಾಫ್ ನರ್ಸ್ ಮಾತನಾಡುತ್ತಿದ್ದೇನೆ. ನಾಲ್ಕನೇ ಹಾಸಿಗೆಯ ರೋಗಿಯ ಉಸಿರಾಟ 18ರಿಂದ 24ಕ್ಕೆ ಏರಿದೆ, ಜ್ವರ ಬಂದಿದೆ, ಒಟ್ಟು ಅಂಕ 5. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಎರಡು ದಿನವಾಗಿದೆ. ಸೋಂಕು ಇರಬಹುದೇ ಎಂಬ ಅನುಮಾನ ನನಗಿದೆ. ದಯವಿಟ್ಟು ಅರ್ಧ ಗಂಟೆಯೊಳಗೆ ಬಂದು ನೋಡಿ. ಅಷ್ಟರಲ್ಲಿ ನಾನು ಏನು ಮಾಡಿರಲಿ?" ಆ ಕಡೆಯಿಂದ ಬಂದ ಸೂಚನೆಯನ್ನು, ಅದರಲ್ಲೂ ಔಷಧಿಯ ಹೆಸರು ಮತ್ತು ಡೋಸನ್ನು, ಬರೆದುಕೊಂಡು ತಿರುಗಿ ಓದಿ ಹೇಳಿ ಒಪ್ಪಿಸಿದ ಮೇಲೆಯೇ ಫೋನ್ ಇಡಬೇಕು.

ಇಲ್ಲಿ ವಿಶ್ವವಿದ್ಯಾಲಯಗಳ ಪರೀಕ್ಷಾ ಕ್ರಮದ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. ರೊನಾಲ್ಡ್ ಹಾರ್ಡನ್ ಮತ್ತು ಸಹೋದ್ಯೋಗಿಗಳು ಸ್ಕಾಟ್ಲೆಂಡಿನ ಡಂಡಿಯಲ್ಲಿ ರೂಪಿಸಿ 1975ರಲ್ಲಿ ಪ್ರಕಟಿಸಿದ, ಚಿಕಿತ್ಸಾ ಕೌಶಲಗಳನ್ನು ಅಳೆಯುವ ಓಎಸ್‌ಸಿಇ ಪರೀಕ್ಷೆಯಿಂದ ನಮ್ಮ ಕ್ಷೇತ್ರಕ್ಕೆ ದೊಡ್ಡ ಉಪಕಾರವಾಗಿದೆ. ಒಂದೊಂದೇ ನಿಲ್ದಾಣಕ್ಕೆ, ಅಂದರೆ ಒಂದೊಂದು ಕೆಲಸವನ್ನು ಒಡ್ಡುವ ಜಾಗಕ್ಕೆ, ಹೋಗಿ ಮಾಡಿ ತೋರಿಸಬೇಕಾದ ಆ ಪದ್ಧತಿ ಬಾಯಿಪಾಠದವರಿಗೆ ಒಲಿಯುವುದಿಲ್ಲ. ಆದರೂ 1990ರಲ್ಲಿ ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ ತೋರಿಸಿಕೊಟ್ಟಂತೆ ತಿಳಿದಿರುವುದು, ಹೇಗೆಂದು ಬಲ್ಲದ್ದು, ಮಾಡಿ ತೋರಿಸುವುದು, ನಿಜವಾದ ಕೆಲಸದಲ್ಲಿ ಮಾಡುವುದು ಇವು ಬೇರೆ ಬೇರೆ ಮೆಟ್ಟಿಲುಗಳು, ಮತ್ತು ಓಎಸ್‌ಸಿಇ ಮೂರನೆಯ ಮೆಟ್ಟಿಲಿನವರೆಗೆ ಮಾತ್ರ ಮುಟ್ಟುತ್ತದೆ. ಅದಕ್ಕಿಂತ ನನ್ನನ್ನು ಕಾಡುವುದು, ಯಾವ ಪರೀಕ್ಷೆಯಾದರೂ ಗೊತ್ತಿಲ್ಲ ಎಂದವರಿಗೆ ಅಂಕ ಕಳೆಯುತ್ತದೆ ಎಂಬುದು. ವರ್ಷಗಟ್ಟಲೆ ವೈವಾ, ಅಂದರೆ ಮೌಖಿಕ ಪರೀಕ್ಷೆಯ, ಕೋಣೆಯಲ್ಲಿ ಅನುಮಾನವನ್ನು ಮುಚ್ಚಿಟ್ಟು ಆತ್ಮವಿಶ್ವಾಸ ತೋರಿಸಲು ತರಬೇತಾದವರನ್ನು, ಕೆಲಸಕ್ಕೆ ಸೇರಿದ ಮರುದಿನವೇ ಅನುಮಾನವನ್ನು ತೆರೆದು ಹೇಳಿ ಎಂದು ಕೇಳುತ್ತೇವೆ. ಹೆಚ್ಚು ಪದಕ ಪಡೆದು ಬಂದವರಲ್ಲಿಯೇ ಈ ಹಿಂಜರಿಕೆ ಗಟ್ಟಿಯಾಗಿರುವುದನ್ನು ನಾನು ನೋಡಿದ್ದೇನೆ. ಪ್ರತಿ ಓಎಸ್‌ಸಿಇಯಲ್ಲಿಯೂ ಒಂದು ನಿಲ್ದಾಣವಾದರೂ ಕೆಲಸ ನಿಲ್ಲಿಸಿ ಹಿರಿಯರನ್ನು ಕರೆಯುವುದೇ ಸರಿಯುತ್ತರವಾಗುವಂತೆ ಇರಬೇಕು, ಅದಕ್ಕೆ ಪೂರ್ಣಾಂಕ ಸಿಗಬೇಕು ಎಂದು ಪಠ್ಯಕ್ರಮ ರೂಪಿಸುವವರಲ್ಲಿ ನಾನು ಕೇಳಿಕೊಳ್ಳುತ್ತೇನೆ.

ಆರೈಕೆ ಕೇಂದ್ರಗಳಲ್ಲಿ, ಮನೆಗೆ ಹೋಗಿ ಮಾಡುವ ಆರೈಕೆಯಲ್ಲಿ ಈ ವಿಷಯ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಅಲ್ಲಿ ಕೂಗಿ ಎಚ್ಚರಿಸುವ ಮಾನಿಟರ್ ಇರುವುದಿಲ್ಲ, ವೈದ್ಯರು ಹತ್ತಿರದಲ್ಲಿ ಇರುವುದಿಲ್ಲ, ವಯಸ್ಸಾದವರಲ್ಲಿ ಸೋಂಕು ತಗುಲಿದರೂ ಜ್ವರ ಬಾರದೇ ಇರಬಹುದು. ಹಠಾತ್ತನೆ ಉಂಟಾಗುವ ಗೊಂದಲದ ಸ್ಥಿತಿ, ಅಂದರೆ ಡೆಲಿರಿಯಂ, ಕೂಗಾಟದ ರೂಪದಲ್ಲಿ ಬಂದಾಗ ಎಲ್ಲರ ಗಮನಕ್ಕೂ ಬೀಳುತ್ತದೆ. ಮಂಕು ಮತ್ತು ಮೌನದ ರೂಪದಲ್ಲಿ ಬಂದಾಗ ಇವತ್ತು ಸಮಾಧಾನವಾಗಿ ಮಲಗಿದ್ದಾರೆ ಎಂದು ದಾಖಲಾಗಿಬಿಡುತ್ತದೆ. ಇಂಥ ಕಡೆ ಮೊದಲ ಸುಳಿವು ಸಿಗುವುದು ಆ ಹಿರಿಯರಿಗೆ ದಿನವೂ ಸ್ನಾನ ಮಾಡಿಸಿ ಊಟ ಮಾಡಿಸುವ ಸಹಾಯಕರಿಗೆ. ಇವತ್ತು ಅಜ್ಜಿ ಯಾಕೋ ಎಂದಿನಂತಿಲ್ಲ ಎಂದು ಅವರು ಹೇಳಿದರೆ, ಅದು ಯಾವ ಅಂಕ ಪಟ್ಟಿಯಲ್ಲಿಯೂ ಇಲ್ಲವೆಂದು ಪದವೀಧರರು ಬದಿಗಿಡಬಾರದು. ಮೇಲಿನವರಿಗೆ ಹೇಳುವುದನ್ನು ಕಲಿಸುವಾಗ, ಹುದ್ದೆಯಲ್ಲಿ ಕೆಳಗಿರುವವರು ಹೇಳಿದ್ದನ್ನು ಕಿವಿಗೊಟ್ಟು ಕೇಳುವುದನ್ನೂ ಜೊತೆಗೇ ಕಲಿಸಬೇಕಾಗುತ್ತದೆ, ಮತ್ತು ಇದು ಮೊದಲಿನದಕ್ಕಿಂತ ಕಷ್ಟದ ಪಾಠ.

ಬೇರೆ ಬೇರೆ ವೃತ್ತಿಯವರನ್ನು ಒಟ್ಟಿಗೆ ಕೂರಿಸಿ ಕಲಿಸುವುದರ ಪ್ರಯೋಜನವೂ ಇಲ್ಲಿಯೇ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊರತಂದ ಮಾರ್ಗದರ್ಶಿ ಚೌಕಟ್ಟಿನಲ್ಲಿ ಅಂಥ ಕಲಿಕೆಯನ್ನು ಎರಡು ಅಥವಾ ಹೆಚ್ಚು ವೃತ್ತಿಗಳ ವಿದ್ಯಾರ್ಥಿಗಳು ಪರಸ್ಪರರ ಬಗ್ಗೆ, ಪರಸ್ಪರರಿಂದ, ಪರಸ್ಪರರ ಜೊತೆ ಕಲಿಯುವುದು ಎಂದು ವಿವರಿಸಲಾಗಿದೆ. ಶಸ್ತ್ರಚಿಕಿತ್ಸೆಯಾದವರನ್ನು ನಡೆಸಲು ಬಂದ ಫಿಸಿಯೋಥೆರಪಿಸ್ಟ್ ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುತ್ತಿರುವುದನ್ನು ಕಂಡರೆ, ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದೆಂದು ನಡಿಗೆಯನ್ನು ತಡೆದು ತಿಳಿಸಬೇಕು. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಎಂದಿನ ಡೋಸ್ ಬರೆದಿರುವುದನ್ನು ಕಂಡ ಫಾರ್ಮಸಿಸ್ಟ್ ಔಷಧಿ ಕೊಡುವ ಮೊದಲೇ ಫೋನ್ ಮಾಡಬೇಕು. ಯಾರಿಗೆ ಮಾಡಬೇಕು ಎಂಬುದು ಇಬ್ಬರಿಗೂ ಗೊತ್ತಿರುವುದಿಲ್ಲ. ಪ್ರತಿ ಪಾಳಿಯಲ್ಲಿ ಯಾವ ವಿಷಯಕ್ಕೆ ಯಾರನ್ನು ಕರೆಯಬೇಕು, ಅವರು ಸಿಗದಿದ್ದರೆ ಮುಂದಿನವರು ಯಾರು ಎಂದು ಹೆಸರು ಮತ್ತು ನಂಬರಿನ ಸಮೇತ ವಾರ್ಡಿನ ಬೋರ್ಡಿನಲ್ಲಿ ಬರೆಯುವ ಸಣ್ಣ ಏರ್ಪಾಡಿನಿಂದ ನಮ್ಮಲ್ಲಿ ಆದಷ್ಟು ಉಪಕಾರ ದೊಡ್ಡ ಕಾರ್ಯಾಗಾರಗಳಿಂದಲೂ ಆಗಿಲ್ಲ.

ಇಷ್ಟೆಲ್ಲ ಕಲಿಸಿದರೂ, ಫೋನ್ ಎತ್ತಿಕೊಂಡವರ ಮೊದಲ ಮಾತು ಗದರಿಕೆಯಾಗಿದ್ದರೆ ಎಲ್ಲವೂ ವ್ಯರ್ಥ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರು 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ಮುಂದಾಳುಗಳಿರುವ ತಂಡಗಳಲ್ಲಿಯೇ ಔಷಧಿಯ ತಪ್ಪುಗಳು ಹೆಚ್ಚಾಗಿ ದಾಖಲಾಗಿದ್ದವು. ಅಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳಲು ಜನ ಹೆದರುತ್ತಿರಲಿಲ್ಲ ಎಂಬುದು ಅದಕ್ಕೆ ಅವರು ಕಂಡುಕೊಂಡ ವಿವರಣೆ. ಆದ್ದರಿಂದ ಹೊಸಬರಿಗೆ ತರಬೇತಿ ಕೊಡುವ ದಿನಗಳಲ್ಲಿಯೇ ಹಿರಿಯರ ಜೊತೆಗೂ ಕೂರುತ್ತೇವೆ. ಕರೆ ಬಂದಾಗ, ವಿಷಯ ಸಣ್ಣದೆಂದು ಕಂಡರೂ, ತಿಳಿಸಿದ್ದು ಒಳ್ಳೆಯದಾಯಿತು ಎಂದು ಮೊದಲು ಹೇಳಿ, ಆಮೇಲೆ ಬೇಕಾದರೆ ತಿದ್ದಿ ಎಂಬುದು ಅವರಲ್ಲಿ ನಾವು ಮಾಡುವ ವಿನಂತಿ. ಸಿಬ್ಬಂದಿಯೇ ಸಾಲದ ವಾರ್ಡಿನಲ್ಲಿ, ಒಬ್ಬ ಹಿರಿಯರ ಮೇಲೆ ಹತ್ತಾರು ಹೊಣೆ ಹೇರಿರುವ ಕಡೆ, ಈ ಸೌಜನ್ಯವನ್ನು ಬರೀ ಮಾತಿನಿಂದ ತರಲು ಆಗುವುದಿಲ್ಲ. ಆಡಳಿತದವರು ಜನರನ್ನು ಕೊಡಬೇಕು, ತರಬೇತಿಯನ್ನು ಅದಕ್ಕೆ ಬದಲಿಯಾಗಿ ತೋರಿಸಬಾರದು.

ಹೀಗೆ ಪ್ರೋತ್ಸಾಹಿಸಿದರೆ ಪ್ರತಿಯೊಂದಕ್ಕೂ ಕರೆ ಮಾಡತೊಡಗುತ್ತಾರಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಮೊದಲ ವಾರಗಳಲ್ಲಿ ಕರೆಗಳು ಹೆಚ್ಚಾಗುತ್ತವೆ. ಆ ಕರೆಗಳನ್ನು ತಡೆಯುವ ಬದಲು ಪಾಳಿಯ ಕೊನೆಗೆ ಒಂದೆರಡನ್ನು ಆರಿಸಿಕೊಂಡು, ನೀವು ಏನನ್ನು ಕಂಡಿರಿ, ಏನಾಗಿರಬಹುದೆಂದು ಅಂದುಕೊಂಡಿರಿ, ಬಂದು ನೋಡಿದವರು ಯಾವುದನ್ನು ಗಮನಿಸಿದರು ಎಂದು ಕೂತು ಮಾತನಾಡುತ್ತೇವೆ. ಹೊಸಬರ ಕಣ್ಣು ಪಳಗುವುದು ಈ ಮಾತುಕತೆಯಲ್ಲಿ, ಮತ್ತು ತಿಂಗಳುಗಳು ಕಳೆದಂತೆ ಕರೆಗಳು ಕಡಿಮೆಯಾಗಿ, ಬರುವ ಕರೆಗಳಲ್ಲಿ ಹುರುಳು ಹೆಚ್ಚುತ್ತದೆ. ಮೇಲ್ವಿಚಾರಣೆಯನ್ನು ಯಾವಾಗ ಸಡಿಲಿಸಬೇಕೆಂದು ತೀರ್ಮಾನಿಸಲು ನೆದರ್‌ಲ್ಯಾಂಡ್ಸ್‌ನ ವೈದ್ಯಕೀಯ ಶಿಕ್ಷಣ ತಜ್ಞ ಓಲೆ ಟೆನ್ ಕಾಟೆ 2005ರಲ್ಲಿ ಮುಂದಿಟ್ಟ ವಿಚಾರವನ್ನು ನಾವು ಅನುಸರಿಸುತ್ತೇವೆ: ಇಡೀ ವ್ಯಕ್ತಿಗೆ ಒಂದು ದರ್ಜೆ ಕೊಡುವ ಬದಲು, ಒಂದೊಂದು ಕೆಲಸವನ್ನೂ ಇವರಿಗೆ ಎಷ್ಟರಮಟ್ಟಿಗೆ ವಹಿಸಿಕೊಡಬಹುದು ಎಂದು ಬೇರೆ ಬೇರೆಯಾಗಿ ಕೇಳಿಕೊಳ್ಳುವುದು. ನಮ್ಮ ನಮೂನೆಯಲ್ಲಿ ಪ್ರತಿ ಕೆಲಸದ ಮುಂದೆಯೂ ಅದನ್ನು ಮಾಡಬಲ್ಲರೇ ಎಂಬುದರ ಜೊತೆಗೆ, ಕೈಮೀರುವ ಹಂತ ಬಂದಾಗ ತಾವಾಗಿಯೇ ಕರೆದದ್ದನ್ನು ನೀವು ಕಂಡಿದ್ದೀರಾ ಎಂದು ಮೇಲ್ವಿಚಾರಕರನ್ನು ಕೇಳುವ ಇನ್ನೊಂದು ಸಾಲಿದೆ. ಆ ಸಾಲು ಖಾಲಿ ಇದ್ದರೆ, ಕೈಕೆಲಸ ಎಷ್ಟೇ ಚೊಕ್ಕವಾಗಿರಲಿ, ಆ ಕೆಲಸಕ್ಕೆ ಅವರನ್ನು ರಾತ್ರಿ ಪಾಳಿಯಲ್ಲಿ ಒಬ್ಬರನ್ನೇ ಬಿಡುವುದಿಲ್ಲ.