ಇದು ಯಾವ ಇಸುಬು ಅಂತ ಬ್ಲಡ್ ಟೆಸ್ಟಿನಲ್ಲಿ ಗೊತ್ತಾಗಲ್ವಾ?

ವರ್ಷಗಟ್ಟಲೆ ಕೆರೆದುಕೊಂಡು ಬೇಸತ್ತವರು, ಮಗುವಿನ ನವೆಯಿಂದ ರಾತ್ರಿಯಿಡೀ ಎಚ್ಚರವಿರುವ ತಾಯಂದಿರು ಪದೇಪದೇ ಕೇಳುವ ಪ್ರಶ್ನೆ ಇದು. "ನೀವು ಇಸುಬು ಅಂತೀರಿ, ಇನ್ನೊಬ್ಬರು ಅಲರ್ಜಿ ಅಂದ್ರು, ಮೆಡಿಕಲ್ ಶಾಪಿನವರು ಹುಳುಕಡ್ಡಿ ಅಂತ ಟ್ಯೂಬ್ ಕೊಟ್ರು. ಒಂದು ಬ್ಲಡ್ ಟೆಸ್ಟ್ ಮಾಡಿಸಿಬಿಟ್ರೆ ಗೊತ್ತಾಗಲ್ವಾ ಡಾಕ್ಟ್ರೇ?"

ಗೊತ್ತಾಗುವುದಿಲ್ಲ. ಇಸುಬು ಹೌದೋ ಅಲ್ಲವೋ, ಹೌದಾದರೆ ಯಾವ ಬಗೆಯದು ಎಂದು ಹೇಳುವ ರಕ್ತ ಪರೀಕ್ಷೆ ಇಲ್ಲ. ಈ ಕಾಯಿಲೆಗೆ ಹೆಸರು ಸಿಗುವುದು ಚರ್ಮವನ್ನು ನೋಡಿ, ಬೆರಳಲ್ಲಿ ಮುಟ್ಟಿ, ಎಲ್ಲಿ, ಯಾವಾಗಿನಿಂದ, ಮನೆಯಲ್ಲಿ ಮತ್ಯಾರಿಗೆ ಎಂದು ಕೇಳಿ. ಹೆಸರು ತಪ್ಪಿದರೆ ಔಷಧವೂ ತಪ್ಪುತ್ತದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಆರು ವಾರ ದಾಟಿದ ನವೆಯನ್ನು ದೀರ್ಘಕಾಲದ ನವೆ ಎನ್ನುತ್ತೇವೆ. ಮೊದಲು ನೋಡುವುದು ನವೆ ಇರುವ ಜಾಗದ ಚರ್ಮವನ್ನು. 2007ರಲ್ಲಿ ನವೆಯನ್ನು ಅಧ್ಯಯನ ಮಾಡುವ ಅಂತರರಾಷ್ಟ್ರೀಯ ವೇದಿಕೆಯೊಂದು ಇದನ್ನೇ ಆಧಾರವಾಗಿಟ್ಟುಕೊಂಡು ಮೂರು ಗುಂಪು ಮಾಡಿತು: ಚರ್ಮವೇ ಉರಿಯೂತದಿಂದ ಕೆಟ್ಟಿರುವುದು, ಚರ್ಮ ಚೆನ್ನಾಗಿದ್ದೂ ನವೆ ಇರುವುದು, ಕೆರೆದು ಕೆರೆದು ಗಂಟುಗಟ್ಟಿ ಮೂಲ ಯಾವುದೆಂದೇ ಕಾಣದಂತಾಗಿರುವುದು. ಎರಡನೆಯ ಗುಂಪಿನವರಿಗೆ ಮೂತ್ರಪಿಂಡ, ಪಿತ್ತಜನಕಾಂಗ, ಥೈರಾಯ್ಡ್, ಕಬ್ಬಿಣಾಂಶದ ಕೊರತೆ ಎಲ್ಲವನ್ನೂ ನೋಡಬೇಕು. ರಕ್ತ ಪರೀಕ್ಷೆ ನಿಜವಾಗಿ ಬೇಕಾಗುವುದು ಅಲ್ಲಿ. ಇಸುಬು ಮೊದಲನೆಯ ಗುಂಪಿನದು.

ಇಸುಬು ಒಂದು ಕಾಯಿಲೆಯ ಹೆಸರಲ್ಲ, ಒಂದು ಮನೆತನದ ಹೆಸರು. ಇಂಗ್ಲಿಷಿನಲ್ಲಿ ಇದನ್ನೇ 'ಎಕ್ಸಿಮಾ' ಎನ್ನುತ್ತಾರೆ; ಆ ಗ್ರೀಕ್ ಮೂಲದ ಪದಕ್ಕೆ ಕುದಿದು ಉಕ್ಕುವುದು ಎಂದರ್ಥ. ಹೊಸ ಇಸುಬನ್ನು ಹತ್ತಿರದಿಂದ ನೋಡಿದರೆ ಸಾಸಿವೆಗಿಂತ ಸಣ್ಣ ನೀರುಗುಳ್ಳೆಗಳು ಒಡೆದು ಸೋರುತ್ತಿರುತ್ತವೆ. ಕೆಲವು ವಾರಗಳಲ್ಲಿ ಅದು ಒಣಗಿ ಹೊಟ್ಟು, ಹಕ್ಕಳೆ ಕಟ್ಟುತ್ತದೆ. ತಿಂಗಳುಗಟ್ಟಲೆ ಕೆರೆದರೆ ಚರ್ಮ ದಪ್ಪವಾಗಿ, ಅದರ ಗೆರೆಗಳು ಆಳವಾಗಿ, ಹಳೆಯ ಚಪ್ಪಲಿಯ ತೊಗಲಿನಂತೆ ಒರಟಾಗುತ್ತದೆ. ಈ ಮೂರೂ ಒಂದೇ ಕಾಯಿಲೆಯ ಹಂತಗಳು. ಆದರೆ ಹಚ್ಚುವ ಮದ್ದು ಒಂದೇ ಅಲ್ಲ: ಸೋರುವ ಜಾಗಕ್ಕೆ ಮೊದಲು ಒದ್ದೆ ಬಟ್ಟೆಯ ಪಟ್ಟಿ ಮತ್ತು ತೆಳು ಕ್ರೀಮು, ದಪ್ಪಗಟ್ಟಿದ ಜಾಗಕ್ಕೆ ಜಿಡ್ಡಿನ ಮುಲಾಮು. ಸೋರುವ ಕಡೆ ಜಿಡ್ಡು ಬಳಿದರೆ ನೀರು ಒಳಗೇ ನಿಂತು ಇನ್ನಷ್ಟು ಕೆಡುತ್ತದೆ.

ಈ ಮನೆತನದಲ್ಲಿ ನೆತ್ತಿ, ಹುಬ್ಬಿನಲ್ಲಿ ಹೊಟ್ಟೇಳುವ ಸೆಬೋರಿಕ್ ಇದೆ, ನಾಣ್ಯದಂತೆ ದುಂಡಗಿನದಿದೆ, ಅಂಗೈ ಅಂಗಾಲಿನ ಗುಳ್ಳೆಯದಿದೆ, ರಕ್ತನಾಳ ಉಬ್ಬಿದ ಕಾಲಿನದಿದೆ, ವಯಸ್ಸಾದವರ ಒಣ ಚರ್ಮದ್ದಿದೆ, ಮುಟ್ಟಿದ ವಸ್ತುವಿನಿಂದ ಬರುವ ಕಾಂಟ್ಯಾಕ್ಟ್ ಇಸುಬಿದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಅಟೋಪಿಕ್ ಡರ್ಮಟೈಟಿಸ್, ಅಂದರೆ ಅಲರ್ಜಿಯ ಒಲವಿರುವವರಲ್ಲಿ ಬರುವ ಅಟೋಪಿಕ್ ಇಸುಬು.

ಈ ಹೆಸರನ್ನು ಕೊಟ್ಟವರು 1933ರಲ್ಲಿ ಚರ್ಮತಜ್ಞರಾದ ವೈಸ್ ಮತ್ತು ಸುಲ್ಜ್‌ಬರ್ಗರ್. 1980ರಲ್ಲಿ ಹ್ಯಾನಿಫಿನ್ ಮತ್ತು ರಾಜ್ಕಾ ಗುರುತಿಸುವ ನಿಯಮ ಬರೆದರು: ನಾಲ್ಕು ಮುಖ್ಯ ಲಕ್ಷಣಗಳಲ್ಲಿ ಮೂರು, 23 ಸಣ್ಣ ಲಕ್ಷಣಗಳಲ್ಲಿ ಮೂರು. ಸಂಶೋಧನೆಗೆ ಅದು ಒಳ್ಳೆಯದೇ, ಆದರೆ ಓಪಿಡಿಯಲ್ಲಿ 23 ಲಕ್ಷಣ ಎಣಿಸುತ್ತ ಕೂರಲು ಆಗುವುದಿಲ್ಲ. 1994ರಲ್ಲಿ ಬ್ರಿಟನ್ನಿನ ತಜ್ಞರ ತಂಡ ಅದನ್ನೇ ಸೋಸಿ ಚಿಕ್ಕದು ಮಾಡಿತು. ಮನೆಯಲ್ಲೂ ಪರೀಕ್ಷಿಸಿ ನೋಡಬಹುದಾದಷ್ಟು ಸರಳವಾದದ್ದು ಅದು.

ಕಳೆದ ಹನ್ನೆರಡು ತಿಂಗಳಲ್ಲಿ ನವೆ ಇರಲೇಬೇಕು. ನವೆಯಿಲ್ಲದಿದ್ದರೆ ಇದು ಅಟೋಪಿಕ್ ಇಸುಬಲ್ಲ, ಮುಂದೆ ಹೋಗುವುದೇ ಬೇಡ. ಅದರ ಜೊತೆಗೆ ಐದರಲ್ಲಿ ಕನಿಷ್ಠ ಮೂರು ಬೇಕು: ಮೊಣಕೈ ಮಡಿಕೆ, ಮಂಡಿಯ ಹಿಂದೆ, ಹರಡಿನ ಮುಂದೆ, ಕತ್ತಿನ ಸುತ್ತ ಹಿಂದೆ ಬಂದಿರಬೇಕು (ಹತ್ತು ವರ್ಷದೊಳಗಿನವರಿಗೆ ಕೆನ್ನೆಯೂ ಸೇರುತ್ತದೆ), ಈಗ ಆ ಮಡಿಕೆಗಳಲ್ಲಿ ಕಣ್ಣಿಗೆ ಕಾಣಬೇಕು, ಉಬ್ಬಸ ಅಥವಾ ಅಲರ್ಜಿ ನೆಗಡಿ ಇರಬೇಕು, ವರ್ಷದಿಂದ ಮೈಯೆಲ್ಲ ಒಣಗಿರಬೇಕು, ಎರಡು ವರ್ಷ ತುಂಬುವ ಮೊದಲೇ ಶುರುವಾಗಿರಬೇಕು. ನಾಲ್ಕು ವರ್ಷದೊಳಗಿನ ಮಗುವಾದರೆ ಕೊನೆಯದನ್ನು ಲೆಕ್ಕಕ್ಕಿಡುವುದಿಲ್ಲ, ಉಬ್ಬಸ, ನೆಗಡಿಯಂಥವು ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಇದ್ದರೂ ಸಾಕು.

ಜಾಗ ವಯಸ್ಸಿನೊಂದಿಗೆ ಬದಲಾಗುತ್ತದೆ. ಕೂಸಿಗೆ ಕೆನ್ನೆ, ಕೈಕಾಲಿನ ಹೊರಬದಿ. ಡಯಾಪರ್ ಕಟ್ಟುವ ಜಾಗ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಅದೇ ಒಂದು ಸುಳಿವು. ಶಾಲೆಗೆ ಹೋಗುವ ಮಕ್ಕಳಿಗೆ ಮಡಿಕೆಗಳು. ದೊಡ್ಡವರಿಗೆ ಕೈ, ಕಣ್ಣರೆಪ್ಪೆ, ಕತ್ತು. ನಲವತ್ತರ ನಂತರ ಮೊದಲ ಬಾರಿಗೆ ಶುರುವಾದರೆ ಸುಮ್ಮನೆ ಇಸುಬು ಎಂದು ಬರೆದು ಕಳಿಸಬಾರದು. ಕಜ್ಜಿ (ಸ್ಕೇಬೀಸ್), ಕಾಂಟ್ಯಾಕ್ಟ್ ಇಸುಬು, ಔಷಧದ ಅಡ್ಡಪರಿಣಾಮ ಎಲ್ಲ ನೋಡಿ, ಅಪರೂಪಕ್ಕೆ ಚರ್ಮದ ಲಿಂಫೋಮಾ (ಒಂದು ಬಗೆಯ ಕ್ಯಾನ್ಸರ್) ಅಲ್ಲವೆಂದು ತಿಳಿಯಲು ಚರ್ಮದ ತುಣುಕು ತೆಗೆದು ನೋಡುವ ಬಯಾಪ್ಸಿಯೂ ಬೇಕಾಗುತ್ತದೆ.

ನಮ್ಮ ಮೈಬಣ್ಣದ ವಿಷಯ ಹೇಳಲೇಬೇಕು. ಪುಸ್ತಕದ ಚಿತ್ರಗಳಲ್ಲಿ ಇಸುಬು ಕೆಂಪಗಿರುತ್ತದೆ. ಕಪ್ಪು, ಗೋಧಿ ಬಣ್ಣದ ಮೈಯಲ್ಲಿ ಅದು ಬೂದು, ಕಂದು, ನೇರಳೆಯಂತೆ ಕಾಣುತ್ತದೆ. ಎಷ್ಟೋ ಮಕ್ಕಳಲ್ಲಿ ರೋಮದ ಬುಡದಲ್ಲಿ ಸಣ್ಣ ಸಣ್ಣ ಬೊಕ್ಕೆಗಳಾಗಿ ಮಾತ್ರ ಇರುತ್ತದೆ. ಕೆಂಪಿಲ್ಲವೆಂದು 'ಸ್ವಲ್ಪವೇ ಇದೆ' ಎಂದುಬಿಟ್ಟರೆ ಮಗುವಿಗೆ ಅನ್ಯಾಯ. ಕೈಯಿಂದ ಸವರಿ ನೋಡಿ: ಬಿಸಿ ಇದೆಯೇ, ದಪ್ಪವಾಗಿದೆಯೇ, ಉಪ್ಪಿನ ಕಾಗದದಂತೆ ಒರಟಾಗಿದೆಯೇ?

ಹಾಗಾದರೆ ಎಲ್ಲರೂ ಬರೆಸಿಕೊಂಡು ಬರುವ, ರಕ್ತದಲ್ಲಿ ಅಲರ್ಜಿಯ ಪ್ರತಿಕಾಯವನ್ನು ಅಳೆಯುವ ಐಜಿಇ ಪರೀಕ್ಷೆ? ಅಟೋಪಿಕ್ ಇಸುಬಿರುವ ಹಲವರಲ್ಲಿ ಅದು ಹೆಚ್ಚಿರುತ್ತದೆ, ಸುಮಾರು ಐವರಲ್ಲಿ ಒಬ್ಬರಿಗೆ ಸಾಮಾನ್ಯ ಮಟ್ಟದಲ್ಲೇ ಇರುತ್ತದೆ. ಹೊಟ್ಟೆಯಲ್ಲಿ ಜಂತುಹುಳು ಇದ್ದರೂ ಅದು ಏರುತ್ತದೆ. ಆ ಕಾಗದ ನೋಡಿ ಮಗುವಿಗೆ ಹಾಲು, ಮೊಟ್ಟೆ, ಕಡಲೆಕಾಯಿ, ಬದನೆ ಎಲ್ಲ ನಿಲ್ಲಿಸಿದರೆ ಇಸುಬು ಹೋಗುವುದಿಲ್ಲ, ತೂಕ ಮಾತ್ರ ಇಳಿಯುತ್ತದೆ. ಮೂಲ ತೊಂದರೆ ಎಷ್ಟೋ ಸಲ ಚರ್ಮದ ಗೋಡೆಯಲ್ಲೇ ಇರುತ್ತದೆ. ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ದೋಷಕ್ಕೂ ಇಸುಬಿಗೂ ನಂಟಿದೆ ಎಂಬುದು 2006ರಲ್ಲಿ ಗೊತ್ತಾಯಿತು. ಅಂಗೈಯಲ್ಲಿ ಗೆರೆಗಳು ವಿಪರೀತ ಆಳವಾಗಿದ್ದರೆ ಆ ದೋಷದ ಗುರುತಿರಬಹುದು.

ಅಟೋಪಿಕ್ ಇಸುಬಿನ ವೇಷದಲ್ಲಿ ಬರುವವು ಮುಖ್ಯವಾಗಿ ಮೂರು. ಕಜ್ಜಿ ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ, ಕಂಕುಳಲ್ಲಿ ಬರುತ್ತದೆ, ರಾತ್ರಿ ಜೋರಾಗುತ್ತದೆ, ಮನೆಯಲ್ಲಿ ಇನ್ನೂ ಕೆಲವರಿಗೆ ಇರುತ್ತದೆ. ನವೆಯಿಲ್ಲದವರನ್ನೂ ಸೇರಿಸಿ ಎಲ್ಲರೂ ಒಂದೇ ರಾತ್ರಿ ಮದ್ದು ಹಚ್ಚದಿದ್ದರೆ ಅದು ತಿರುಗಿ ಬರುತ್ತದೆ. ಹುಳುಕಡ್ಡಿ ಉಂಗುರದಂತೆ ಹರಡುತ್ತದೆ: ಅಂಚು ಉಬ್ಬಿ ಹೊಟ್ಟಾಗಿ, ನಡುವೆ ತಿಳಿಯಾಗಿರುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಟ್ಯೂಬ್ ಹಚ್ಚಿದಾಗ ಎರಡು ದಿನ ನವೆ ತಣ್ಣಗಾಗುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತಲೇ ಇರುತ್ತದೆ, ಉಂಗುರದ ಆಕಾರವೂ ಅಳಿಸಿಹೋಗುತ್ತದೆ. ಆಮೇಲೆ ಅನುಭವಿಗಳಿಗೂ ಅದು ಇಸುಬಿನಂತೆ ಕಾಣಬಹುದು. ಅಂಚಿನ ಹೊಟ್ಟನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಿಜ ಗೊತ್ತಾಗುತ್ತದೆ.

ಮೂರನೆಯದು ನಮ್ಮ ರಸ್ತೆಬದಿಯ, ಪಾಳುಬಿದ್ದ ಸೈಟುಗಳ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಗಮನಕ್ಕೆ ಬಂದ ಪಾರ್ಥೇನಿಯಂ ಇದು. ಇದರ ಒಣ ಪುಡಿ ಗಾಳಿಯಲ್ಲಿ ಬಂದು ಕಣ್ಣರೆಪ್ಪೆ, ಕತ್ತು, ಕಿವಿಯ ಹಿಂದೆ, ಮೊಣಕೈ ಮಡಿಕೆಯಲ್ಲಿ ಕೂರುತ್ತದೆ. ಮಡಿಕೆ ನೋಡಿ ಅಟೋಪಿಕ್ ಎಂದುಕೊಳ್ಳುವುದು ಸುಲಭ. ಆದರೆ ಇದು ನಡುವಯಸ್ಸಿನ ರೈತರಲ್ಲಿ, ಹೊರಗೆ ದುಡಿಯುವವರಲ್ಲಿ ಹೊಸದಾಗಿ ಶುರುವಾಗುತ್ತದೆ. ಇದಕ್ಕೂ ಐಜಿಇ ಉಪಯೋಗವಿಲ್ಲ. ಅನುಮಾನದ ವಸ್ತುಗಳಿರುವ ಪಟ್ಟಿಯನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ತೆಗೆದು ನೋಡಿ, 96 ಗಂಟೆಗೆ ಮತ್ತೊಮ್ಮೆ ನೋಡುವ ಪ್ಯಾಚ್ ಟೆಸ್ಟ್ ಬೇಕು. ಆ ನಾಲ್ಕು ದಿನ ಬೆನ್ನು ಒದ್ದೆಯಾಗಬಾರದು, ಬೆವರಲೂಬಾರದು.

ಹೆಸರು ಗೊತ್ತಾದ ಮೇಲೆ ಎಷ್ಟು ಜೋರಾಗಿದೆ ಎಂದು ಅಳೆಯಬೇಕು. ಇದನ್ನು ರೋಗಿಯೇ ಮಾಡಬಹುದು. ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ನವೆಯಿತ್ತು, ನಿದ್ದೆ ಕೆಟ್ಟಿತು, ರಕ್ತ ಬಂತು, ಸೋರಿತು, ಬಿರಿಯಿತು, ಹೊಟ್ಟು ಉದುರಿತು, ಒಣಗಿ ಒರಟಾಯಿತು? ಒಂದೂ ದಿನ ಇಲ್ಲದಿದ್ದರೆ 0, ಒಂದೆರಡು ದಿನಕ್ಕೆ 1, ಮೂರು-ನಾಲ್ಕಕ್ಕೆ 2, ಐದಾರಕ್ಕೆ 3, ದಿನವೂ ಆದರೆ 4. ಒಟ್ಟು ಹೆಚ್ಚೆಂದರೆ 28. ಎರಡರವರೆಗೆ ಇಲ್ಲವೆನ್ನುವಷ್ಟು ಕಡಿಮೆ, 3ರಿಂದ 7 ಸೌಮ್ಯ, 8ರಿಂದ 16 ಮಧ್ಯಮ, 17 ಅಥವಾ ಹೆಚ್ಚಿದ್ದರೆ ಜೋರು.

ತೋರಿಸಲು ಬರುವಾಗ ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ತನ್ನಿ. ತುಂಬ ಕೆಟ್ಟಿದ್ದ ದಿನದ ಫೋಟೋ ಮೊಬೈಲಿನಲ್ಲಿರಲಿ. ಇಲ್ಲಿಯವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ.