ಹಿಲ್ಡಾ, ಎಥೆಲ್‌ಡ್ರೆಡಾ ಜಾಡು ಹಿಡಿದು ಹೋಗುವವರಿಗೆ: ವಿಟ್ಬಿಗೆ ಅರ್ಧ ದಿನ ಸಾಕು, ಹೆಕ್ಸಮ್ ಬಿಡಬೇಡಿ

ಹಿಲ್ಡಾ, ಎಥೆಲ್‌ಡ್ರೆಡಾ ಇಬ್ಬರೂ 7ನೇ ಶತಮಾನದ ಇಂಗ್ಲೆಂಡಿನಲ್ಲಿ ಮಠ ಕಟ್ಟಿ ಆಳಿದ ಕ್ರೈಸ್ತ ಸಂತೆಯರು. ಉತ್ತರ ಇಂಗ್ಲೆಂಡಿನ ಕರಾವಳಿಯ ವಿಟ್ಬಿಯ ಗುಡ್ಡದ ಮೇಲಿನ ಪಾಳು ಕಮಾನುಗಳ ಫೋಟೊ ನೋಡಿ, ಅದೇ ಹಿಲ್ಡಾ ಕಟ್ಟಿಸಿದ ಮಠ ಅಂದುಕೊಂಡು ಟಿಕೆಟ್ ಕೊಳ್ಳುವವರೇ ಹೆಚ್ಚು. ರಾಜಮನೆತನದ ಹಿಲ್ಡಾ ಅಲ್ಲಿ ಮಠ ಸ್ಥಾಪಿಸಿದ್ದು 657ರಲ್ಲಿ. ಈಗ ನಿಂತಿರುವ ಗೋಡೆಗಳು 13ನೇ ಶತಮಾನದಿಂದ ಈಚಿನವು. ಹಿಲ್ಡಾಳ ಮಠದಲ್ಲಿದ್ದ ಕವಿ ಕೇಡ್‌ಮನ್ ನೆನಪಿಗೆ ಪಕ್ಕದ ಚರ್ಚಿನ ಅಂಗಳದಲ್ಲಿ ನಿಲ್ಲಿಸಿದ ಶಿಲುಬೆಯೂ 1898ರದ್ದು. ಹಿಲ್ಡಾಳ ಕಾಲದ್ದು ನೋಡಬೇಕಿದ್ದರೆ ಮ್ಯೂಸಿಯಮ್ಮಿಗೇ ಹೋಗಬೇಕು: ಬಾಚಣಿಗೆ, ಬರೆಯುವ ಕಡ್ಡಿ, ಶಿಲುಬೆಯ ತುಂಡುಗಳು. ಗಂಡಸರೂ ಹೆಂಗಸರೂ ಇದ್ದ ಮಠವನ್ನು ಆಳಿದಾಕೆ ಹಿಲ್ಡಾ. ಈಸ್ಟರ್ ಯಾವತ್ತು ಆಚರಿಸಬೇಕೆಂದು ತೀರ್ಮಾನಿಸಿದ 664ರ ಸಭೆ ನಡೆದದ್ದೂ ಅಲ್ಲೇ. ಆಕೆ ಐರಿಷ್ ಸನ್ಯಾಸಿಗಳ ಲೆಕ್ಕ ಒಪ್ಪುವ ಪಕ್ಷದವಳು. ಗೆದ್ದದ್ದು ರೋಮ್ ಪಕ್ಷ.

ಊರಿನಿಂದ ಮೇಲೆ ಹತ್ತಲು 199 ಮೆಟ್ಟಿಲು. ಮಂಡಿ ನೋವಿನವರು ರಸ್ತೆ ಮೇಲೆ ಕಾರಿನಲ್ಲಿ ಗುಡ್ಡದ ತಲೆಗೇ ಹೋಗಬಹುದು. ಮಿಡಲ್ಸ್‌ಬರೊದಿಂದ ವಿಟ್ಬಿಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಆದರೆ ದಿನಕ್ಕೆ ಬೆರಳೆಣಿಕೆಯಷ್ಟೇ ರೈಲು. ಸಂಜೆಯ ಕೊನೆಯದು ತಪ್ಪಿದರೆ ರೂಮೇ ಗತಿ. ಕಪ್ಪು ಬಟ್ಟೆಯ ಗಾಥ್ ಹಬ್ಬದ ವಾರಾಂತ್ಯ ಬಂತೆಂದರೆ ಅದೇ ಇಕ್ಕಟ್ಟಿನ ರೂಮಿಗೆ ದರ ಏರುತ್ತದೆ, ಎರಡು ರಾತ್ರಿಗಿಂತ ಕಡಿಮೆ ಕೊಡುವುದಿಲ್ಲ ಎಂಬ ಷರತ್ತೂ ಬರುತ್ತದೆ. ಆ ಜನಸಂದಣಿಯಲ್ಲಿ ಹಿಲ್ಡಾ ನೆನಪಾಗುವುದು ಕಷ್ಟ. ಆಕೆಯ ಹಬ್ಬ ನವೆಂಬರ್ 17. ಅಂದೇ ಹೋಗುವ ಆಸೆಯಿದ್ದರೆ ಪಾಳುಮಠ ತೆರೆದಿರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ, ಚಳಿಗಾಲದಲ್ಲಿ ವೇಳೆ ಬಹಳ ಕಡಿಮೆ.

ಸಸ್ಯಾಹಾರಿಗಳು ಗಮನಿಸಿ: ಯಾರ್ಕ್‌ಷೈರ್ ಕರಾವಳಿಯ ಬಹಳಷ್ಟು ಅಂಗಡಿಗಳು ಆಲೂಗಡ್ಡೆ ಚಿಪ್ಸ್ (ನಮ್ಮಲ್ಲಿನ ಫ್ರೆಂಚ್ ಫ್ರೈಸ್ ಥರದ್ದು) ಕರಿಯುವುದು ದನದ ಕೊಬ್ಬಿನಲ್ಲಿ. ಬರೀ ಆಲೂಗಡ್ಡೆ ತಾನೆ ಅಂತ ತಿಂದುಬಿಡಬೇಡಿ, ಯಾವುದರಲ್ಲಿ ಕರಿದದ್ದು ಎಂದು ಕೇಳಿ. ಕೇಳಿದರೆ ನಿಜ ಹೇಳುತ್ತಾರೆ. ಅದಕ್ಕಿಂತ, ಸಣ್ಣ ಊರುಗಳ ಕೆಫೆಗಳಲ್ಲಿ ಸಿಗುವ ಜಾಕೆಟ್ ಪೊಟೇಟೊ ಮೇಲು. ಸಿಪ್ಪೆ ಸಮೇತ ಸುಟ್ಟ ದಪ್ಪ ಆಲೂಗಡ್ಡೆಯನ್ನು ಸೀಳಿ, ಬೆಣ್ಣೆ ಹಚ್ಚಿ, ಟೊಮೆಟೊ ಸಾಸಿನಲ್ಲಿ ಬೇಯಿಸಿದ ಬೀನ್ಸ್ ಕಾಳು ಸುರಿದು, ಮೇಲೆ ಚೀಸ್ ಉದುರಿಸಿ ಕೊಡುತ್ತಾರೆ. ಹೊಟ್ಟೆ ಗಟ್ಟಿಯಾಗಿ ತುಂಬುತ್ತದೆ, ಬೆಲೆಯೂ ಹಗುರ. ಒಲೆಯಲ್ಲಿ ಸುಟ್ಟದ್ದು ಕೇಳಿ. ಮೈಕ್ರೋವೇವಿನದಕ್ಕೆ ಸಿಪ್ಪೆ ಗರಿಗರಿ ಬರುವುದಿಲ್ಲ. ಉಪ್ಪು ಖಾರ ಸಾಲದವರು ಚಟ್ನಿಪುಡಿ ಡಬ್ಬಿ ಮರೆಯಬೇಡಿ.

ನಿಜವಾದ 7ನೇ ಶತಮಾನದ ಗೋಡೆ ಮುಟ್ಟಬೇಕೆ? ನ್ಯೂಕಾಸಲ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಹೆಕ್ಸಮ್ ಊರು. ಆಗಿನ ಉತ್ತರ ಇಂಗ್ಲೆಂಡಿನ ರಾಜ್ಯ ನಾರ್ತಂಬ್ರಿಯಾದ ರಾಣಿ ಎಥೆಲ್‌ಡ್ರೆಡಾ ಕೊಟ್ಟ ಜಾಗದಲ್ಲಿ ಬಿಷಪ್ ವಿಲ್‌ಫ್ರಿಡ್ ಸುಮಾರು 674ರಲ್ಲಿ ಕಟ್ಟಿಸಿದ ನೆಲಮಾಳಿಗೆ ಚರ್ಚಿನಡಿ ಹಾಗೆಯೇ ಉಳಿದಿದೆ. ಹತ್ತಿರದ ಕಾರ್ಬ್ರಿಜ್‌ನ ರೋಮನ್ ಅವಶೇಷಗಳಿಂದ ಹೊತ್ತು ತಂದ ಕಲ್ಲುಗಳವು, ಕೆಲವದರ ಮೇಲೆ ಲ್ಯಾಟಿನ್ ಅಕ್ಷರಗಳೂ ಕಾಣುತ್ತವೆ. ಪ್ರವೇಶಕ್ಕೆ ಶುಲ್ಕವಿಲ್ಲ, ಕಾಣಿಕೆ ಹಾಕಿದರೆ ಸರಿ. ತೊಂದರೆ ಒಂದೇ: ನೆಲಮಾಳಿಗೆ ದಿನವಿಡೀ ತೆರೆದಿರುವುದಿಲ್ಲ. ಹಿಂದಿನ ದಿನವೇ ವಿಚಾರಿಸಿ, ಆ ಹೊತ್ತಿಗೆ ಸರಿಯಾಗಿ ರೈಲು ಹಿಡಿಯಿರಿ. ಮೆಟ್ಟಿಲು ಕಡಿದಾಗಿವೆ, ಜಾಗ ಕಿರಿದು, ಬೆನ್ನಿನ ಚೀಲ ಮೇಲೆಯೇ ಇಡಿ.

ಲಂಡನ್ನಿಗೆ ಮರಳುವಾಗ ಪೀಟರ್‌ಬರೊದಲ್ಲಿ ರೈಲು ಬದಲಿಸಿದರೆ ಈಲಿ ಎಂಬ ಊರು. ಗಂಡನನ್ನೂ ಸಿಂಹಾಸನವನ್ನೂ ಬಿಟ್ಟು ಬಂದ ಎಥೆಲ್‌ಡ್ರೆಡಾ 673ರಲ್ಲಿ ಇಲ್ಲಿ ಮಠ ಕಟ್ಟಿದಳು, 679ರಲ್ಲಿ ತೀರಿಕೊಂಡಳು. ಆ ಜಾಗದಲ್ಲಿ ಈಗಿರುವ ಕೆಥೆಡ್ರಲ್ಲಿನ ಟಿಕೆಟ್ ದುಬಾರಿ. ಆಕೆಯ ಸಮಾಧಿ ನೋಡಲೆಂದು ದುಡ್ಡು ಕೊಡುವುದಾದರೆ ನಿರಾಸೆಯೇ: ಅದನ್ನು 1541ರಲ್ಲಿ ಒಡೆದುಹಾಕಿದರು, ಈಗ ಇರುವುದು ನೆಲದಲ್ಲಿ ಹೆಸರು ಕೆತ್ತಿದ ಒಂದು ಕಪ್ಪು ಹಾಸುಗಲ್ಲು. ಆದರೆ ಎಂಟುಮೂಲೆಯ ಗೋಪುರದಡಿ ನಿಂತು ಕಂಬಗಳತ್ತ ಫೋನ್ ಜೂಮ್ ಮಾಡಿದರೆ ಆಕೆಯ ಬದುಕಿನ ಕೆತ್ತನೆಗಳು ಸಿಗುತ್ತವೆ, ನೆಲಕ್ಕೂರಿದ ಆಕೆಯ ಊರುಗೋಲು ಚಿಗುರಿತೆಂಬ ಕತೆಯೂ ಸೇರಿ. ದಕ್ಷಿಣದ ಪಡಸಾಲೆಯಲ್ಲಿ ಆಕೆಯ ಪಾರುಪತ್ಯಗಾರ ಓವಿನ್‌ನ ಶಿಲುಬೆಯ ಬುಡಗಲ್ಲಿದೆ. ಯಾರೂ ನಿಂತು ನೋಡುವುದಿಲ್ಲ. ದುಡ್ಡು ಉಳಿಸಬೇಕೆಂದರೆ ಸಂಜೆಯ ಗಾಯನ ಪ್ರಾರ್ಥನೆಗೆ ಹೋಗಿ, ಅದಕ್ಕೆ ಟಿಕೆಟ್ ಬೇಡ. ಆದರೆ ಆಗ ಸುತ್ತಾಡಿ ನೋಡಲು ಬಿಡುವುದಿಲ್ಲ. ಆಕೆಯದೆಂದು ಪೂಜಿಸುವ ಕೈಯ ಅವಶೇಷ ಇರುವುದು ಕೆಥೆಡ್ರಲ್ಲಿನಲ್ಲಲ್ಲ, ಅದೇ ಊರಿನ ಸಣ್ಣ ಕ್ಯಾಥೊಲಿಕ್ ಚರ್ಚಿನಲ್ಲಿ.