ಎಂಜಿನ್ ನಿಂತ್ರೆ ಏನ್ಮಾಡ್ತೀಯಮ್ಮ?

ಪೈಲಟ್ ಟ್ರೈನಿಂಗ್‌ಗೆ ಹೋದವರು ರಜೆಗೆ ಊರಿಗೆ ಬಂದರೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ. ಮೇಲೆ ಹೋದಾಗ ಎಂಜಿನ್ ಆಫ್ ಆದ್ರೆ? ಚಿತ್ರದುರ್ಗದಲ್ಲಿ ನಮ್ಮ ಮಾವನೂ ಅದನ್ನೇ ಕೇಳಿದರು. ಆದರೆ ಮಾವ ವಿಂಡ್‌ಮಿಲ್ ರಿಪೇರಿ ಕೆಲಸದವರು. ಸುಮ್ನೆ ಏನೋ ಒಂದು ಹೇಳಿ ತಪ್ಪಿಸಿಕೊಳ್ಳೋಕೆ ಆಗಲ್ಲ.

ಅವತ್ತು ಅವರ ಬೈಕಲ್ಲಿ ಜೋಗಿಮಟ್ಟಿ ಕಡೆ ಹೋಗಿದ್ದೆವು. ಜೂನ್ ತಿಂಗಳು, ಗುಡ್ಡದ ಮೇಲೆ ಗಾಳಿ ಜೋರಾಗಿತ್ತು. ಮಾತು ಕೇಳಬೇಕಂದ್ರೆ ಕೂಗಬೇಕು.

"ಎಂಜಿನ್ ಮುಂದಕ್ಕೆ ಎಳೆಯುತ್ತೆ ಅಷ್ಟೇ ಮಾವ. ಎತ್ತಿ ಹಿಡಿಯೋದು ರೆಕ್ಕೆ" ಅಂದೆ. ನಾವು ಓಡಿಸೋ ಸೆಸ್ನಾ 172ರಲ್ಲಿ ಎಂಜಿನ್ ನಿಂತರೆ ಮೂಗು ತಗ್ಗಿಸಿ 68 ನಾಟ್, ಅಂದರೆ ಗಂಟೆಗೆ ಸುಮಾರು 126 ಕಿ.ಮೀ. ವೇಗ ಹಿಡೀಬೇಕು. ಇಳಿಜಾರಲ್ಲಿ ನ್ಯೂಟ್ರಲ್ ಮಾಡಿದ ಲಾರಿ ಹಾಗೆ ಜಾರಿಕೊಂಡು ಹೋಗುತ್ತದೆ. ಗಾಳಿ ಇಲ್ಲದ ದಿನ, 5000 ಅಡಿ ಮೇಲಿದ್ದರೆ, ನೆಲ ಮುಟ್ಟುವಷ್ಟರಲ್ಲಿ ಸುಮಾರು 14 ಕಿ.ಮೀ. ಸಾಗಬಹುದು. ಕೋಟೆ ಮೇಲೆ ಎಂಜಿನ್ ಕೈಕೊಟ್ಟರೆ ಭರಮಸಾಗರಕ್ಕೆ ಅರ್ಧ ದಾರಿ ಹೋಗಬಹುದು ಅಂತ ಲೆಕ್ಕ. ಆ ಹೊತ್ತಲ್ಲಿ ಒಂದು ಒಳ್ಳೆ ಹೊಲ ಹುಡುಕಿಕೊಳ್ಳಬೇಕು.

"ಲೆಕ್ಕ ಬಿಡು. ಎಂಜಿನ್ ಇಲ್ದೆ ಯಾರಾದ್ರೂ ಇಳಿಸಿದಾರಾ?"

ನಮ್ಮ ಜಿಲ್ಲೆಯಲ್ಲೇ ಇಳಿಸಿದ್ದಾರಲ್ಲ! ಚಳ್ಳಕೆರೆ ಹತ್ತಿರ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ. ಇಸ್ರೋದ ರೆಕ್ಕೆಯಿರುವ ಮರುಬಳಕೆ ರಾಕೆಟ್ ಪುಷ್ಪಕ್ 2024ರ ಜೂನ್ 23ರಂದು ಅಲ್ಲಿ ಮೂರನೇ ಸಲ ಇಳಿಯಿತು. ವಾಯುಸೇನೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟುಬಿಟ್ಟಿತ್ತು. ಒಳಗೆ ಮನುಷ್ಯರಿಲ್ಲ, ಎಂಜಿನ್ ಜೋರೂ ಇಲ್ಲ. ತಾನೇ ದಾರಿ ಸರಿಮಾಡಿಕೊಂಡು ರನ್‌ವೇ ಮೇಲೆ ಬಂದು ಕೂತಿತು. ಆದರೆ ಅದರ ರೆಕ್ಕೆ ಮೊಂಡು. ಎತ್ತುವ ಶಕ್ತಿ ಕಡಿಮೆ. ಹಾಗಾಗಿ ಗಂಟೆಗೆ 320 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಇಳಿಯಬೇಕಾಯಿತು. ನಮ್ಮ ಸೆಸ್ನಾ ಇಳಿಯೋಕೆ ಬರೋದು 120ರ ಆಸುಪಾಸಲ್ಲಿ.

"ಅಷ್ಟೇನಾ? ಹೈವೇಲಿ ಕಾರುಗಳು ಇದಕ್ಕಿಂತ ಜೋರಾಗಿ ಹೋಗ್ತವೆ" ಅಂದರು ಮಾವ.

ನನ್ನ ಕೇಳಿದರೆ ಎಂಜಿನ್‌ಗಿಂತ ಜಾಸ್ತಿ ಹೆದರಬೇಕಾದ್ದು ಸ್ಟಾಲ್‌ಗೆ. ಸ್ಟಾಲ್ ಅಂದರೆ ಎಂಜಿನ್ ನಿಲ್ಲೋದಲ್ಲ, ರೆಕ್ಕೆ ಕೆಲಸ ನಿಲ್ಲಿಸೋದು. ಎದುರು ಬರುವ ಗಾಳಿಗೂ ರೆಕ್ಕೆಗೂ ನಡುವಿನ ಕೋನ 15, 16 ಡಿಗ್ರಿ ದಾಟಿದರೆ ಗಾಳಿ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯಲ್ಲ, ಕಿತ್ತುಕೊಂಡು ಹೋಗುತ್ತದೆ. ವೇಗ ಕಮ್ಮಿ ಆದರೆ ಮಾತ್ರ ಸ್ಟಾಲ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನೆಟ್ಟಗೆ ಹೋಗುವಾಗ 48 ನಾಟ್‌ಗೆ ಸ್ಟಾಲ್ ಆಗುವ ವಿಮಾನವನ್ನು 60 ಡಿಗ್ರಿ ವಾಲಿಸಿ, ಎತ್ತರ ಬಿಡದೆ ತಿರುಗಿಸಿ ನೋಡಿ. 68 ನಾಟ್‌ಗೇ ಸ್ಟಾಲ್ ಆಗುತ್ತದೆ. ಟ್ರೈನಿಂಗ್‌ನಲ್ಲಿ ಸ್ಟಾಲ್ ಅನ್ನು ಬೇಕಂತಲೇ ಮಾಡಿಸುತ್ತಾರೆ. ಮೊದಲು ಹಾರ್ನ್ ಕುಯ್ ಅನ್ನುತ್ತದೆ. ಆಮೇಲೆ ವಿಮಾನದ ಮೈಯೆಲ್ಲ ನಡುಗುತ್ತದೆ, ಮೂಗು ಧೊಪ್ಪಂತ ಕೆಳಗೆ. ಕೈ ತಾನಾಗೇ ಕಂಟ್ರೋಲ್ ಹ್ಯಾಂಡಲ್ ಹಿಂದಕ್ಕೆ ಎಳೆಯೋಕೆ ಹೋಗುತ್ತೆ. ಎಳೀಬಾರದು. ಮುಂದಕ್ಕೆ ಬಿಟ್ಟು, ಕೋನ ಇಳಿಸಿ, ಫುಲ್ ಪವರ್ ಕೊಡಬೇಕು.

ಇದನ್ನೆಲ್ಲ ಹೇಳಿ ಮುಗಿಸಿದಾಗ ಮಾವ ನಕ್ಕರು. "ನೀನು ಹೆದರೋದನ್ನ ನಾವು ದುಡಿಸಿಕೊಳ್ತೀವಿ ಕಣಮ್ಮ" ಅಂದರು.

ಅವರು ಮೊದಲು ಕೆಲಸ ಮಾಡಿದ ಹಳೇ ಮಾಡೆಲ್ ವಿಂಡ್‌ಮಿಲ್‌ಗಳಲ್ಲಿ ಬ್ಲೇಡ್‌ನ ಓರೆ ಬದಲಿಸೋಕೆ ಬರುತ್ತಿರಲಿಲ್ಲವಂತೆ, ಬುಡಕ್ಕೆ ಬಿಗಿದುಬಿಟ್ಟಿರುತ್ತಾರೆ. ಗಾಳಿ ಜೋರಾದಷ್ಟೂ ಬ್ಲೇಡ್‌ಗೆ ತಾಗುವ ಕೋನ ಹೆಚ್ಚುತ್ತದೆ. ಒಂದು ಮಿತಿ ದಾಟಿದರೆ ಬ್ಲೇಡ್ ತಾನೇ ಸ್ಟಾಲ್ ಆಗಿ ಜೋರು ಕಳಕೊಳ್ಳುತ್ತದೆ, ಜನರೇಟರ್ ಉಳಿಯುತ್ತದೆ. ಹೊಸ ದೊಡ್ಡ ಫ್ಯಾನುಗಳಲ್ಲಿ ಆ ಓರೆ ಬದಲಿಸೋ ಪಿಚ್ ಮೋಟಾರ್ ಇದೆ. ಗಾಳಿ ಮಿತಿಮೀರಿದರೆ ಬ್ಲೇಡ್ ಅಂಚನ್ನು ಗಾಳಿಗೆ ಕೊಟ್ಟು ನಿಂತುಬಿಡುತ್ತದೆ. ಪೈಲಟ್ ಪರೀಕ್ಷೆಯ ಟೆಕ್ನಿಕಲ್ ಜನರಲ್ ಪೇಪರ್‌ಗೆ ಪ್ರೊಪೆಲರ್ ಫೆದರಿಂಗ್ ಅಂತ ನಾನು ಬಾಯಿಪಾಠ ಮಾಡುತ್ತಿದ್ದದ್ದೂ ಇದೇ. ಪುಸ್ತಕದ ಚಿತ್ರಕ್ಕಿಂತ ಆ ಗುಡ್ಡದ ಮೇಲೆ ಚೆನ್ನಾಗಿ ತಲೆಗೆ ಹೋಯಿತು.

ಆಮೇಲೆ ಪ್ರಶ್ನೆ ಕೇಳುವ ಸರದಿ ಮತ್ತೆ ಅವರದ್ದು. "ನಮ್ಮ ಫ್ಯಾನು ಗಾಳಿ ಎತ್ತಲಿಂದ ಬರುತ್ತೋ ಅತ್ತ ಮುಖ ತಿರುಗಿಸುತ್ತೆ. ನಿಮ್ಮ ರನ್‌ವೇ ತಿರುಗಲ್ವಲ್ಲ. ಅಡ್ಡಗಾಳಿ ಬಂದ್ರೆ?"

ಮೂಗನ್ನು ಗಾಳಿ ಕಡೆ ಇಟ್ಟು ಏಡಿ ಥರ ಓರೆಯಾಗಿ ಬರಬೇಕು ಅಂದೆ. ನೆಲ ಹತ್ತಿರ ಬಂದಾಗ ಬಾಲದ ಪಟ್ಟಿ ತಿರುಗಿಸೋ ರಡರ್ ಪೆಡಲ್ ಒತ್ತಿ ಮೂಗು ನೇರ ಮಾಡಿ, ಗಾಳಿ ಕಡೆಯ ರೆಕ್ಕೆ ತುಸು ತಗ್ಗಿಸಬೇಕು. ಆ ಕಡೆಯ ಚಕ್ರ ಮೊದಲು ನೆಲ ಮುಟ್ಟುತ್ತದೆ.

"ಒಂದೇ ಚಕ್ರದ ಮೇಲಾ?"

"ಒಂದೇ ಕ್ಷಣ ಮಾವ."

ಮಾವ ಬೈಕ್ ಸ್ಟಾರ್ಟ್ ಮಾಡಿದರು. "ಇದೊಂದನ್ನ ನಿಮ್ಮಮ್ಮನ ಹತ್ರ ಹೇಳ್ಬೇಡ."